ಓದುಗರ ಪ್ರಶ್ನೆ: ಹೋಂ ನರ್ಸ್‌ಗೂ ಒಂದು ರಾತ್ರಿಯ ನಿದ್ದೆ ಬೇಕು

ಕಳೆದ ತಿಂಗಳು ಈ ಅಂಕಣದಲ್ಲಿ ಹಾಸಿಗೆ ಹಿಡಿದ ಹಿರಿಯರ ಆರೈಕೆಯ ಬಗ್ಗೆ ಬರೆದಾಗ, ಪತ್ರಗಳು ಮನೆಯವರಿಂದ ಬರುತ್ತವೆ ಎಂದುಕೊಂಡಿದ್ದೆ. ಬಂದವುಗಳಲ್ಲಿ ಹೆಚ್ಚಿನವನ್ನು ಬರೆದವರು ಆ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುವ ಹೋಂ ನರ್ಸ್‌ಗಳು. ಕೆಲವರು ಪತ್ರವನ್ನು ಒಂದೇ ಸಲಕ್ಕೆ ಬರೆದು ಮುಗಿಸಿಲ್ಲ. ನಡುವೆ ಶಾಯಿ ಬದಲಾಗಿದೆ, ಒಂದೆಡೆ ‘ಅಜ್ಜಿ ಕರೆಯುತ್ತಿದ್ದಾರೆ, ಆಮೇಲೆ ಬರೆಯುತ್ತೇನೆ’ ಎಂದೂ ಇದೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅವರ ದಣಿವಿನ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗಬಾರದೆಂದು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 36. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬೆಂಗಳೂರಿಗೆ ಬಂದೆ. ಏಜೆನ್ಸಿಯೊಂದರ ಮೂಲಕ ಏಳು ವರ್ಷಗಳಿಂದ ಹೋಂ ನರ್ಸ್ ಕೆಲಸ ಮಾಡುತ್ತಿದ್ದೇನೆ. ಈಗಿರುವ ಮನೆಯಲ್ಲಿ ಅಜ್ಜಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಮೂಗಿನ ಟ್ಯೂಬಿನಲ್ಲಿ ಊಟ, ಕ್ಯಾಥೆಟರ್, ಡೈಪರ್ ಎಲ್ಲವೂ ಇದೆ. 24 ಗಂಟೆಯ ಡ್ಯೂಟಿ. ಒಂದೂವರೆ ವರ್ಷದಲ್ಲಿ ಎರಡು ಸಲ ಊರಿಗೆ ಹೋಗಿದ್ದೇನೆ. ಮನೆಯವರು ಕೆಟ್ಟವರಲ್ಲ. ರಜೆ ಕೇಳಿದರೆ, ‘ನೀನು ನಮ್ಮ ಮನೆ ಮಗಳ ಹಾಗೆ, ನೀನೇ ಹೋದರೆ ಅಮ್ಮನನ್ನು ಯಾರು ನೋಡುತ್ತಾರೆ’ ಎನ್ನುತ್ತಾರೆ. ಇತ್ತೀಚೆಗೆ ಅಜ್ಜಿ ಅತ್ತರೂ ನನಗೆ ಏನೂ ಅನ್ನಿಸುವುದಿಲ್ಲ. ಮಗ ಫೋನ್ ಮಾಡಿದರೂ ಮಾತಾಡಲು ಬೇಸರ. ಹೋದ ವಾರ ರಾತ್ರಿ ಮೂರು ಗಂಟೆಗೆ ಡೈಪರ್ ಬದಲಿಸುವಾಗ ಅಜ್ಜಿ ನನ್ನ ಮುಖಕ್ಕೆ ಹೊಡೆದರು. ನಾನು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಹಾಸಿಗೆಗೆ ಒತ್ತಿಬಿಟ್ಟೆ. ಬೆಳಿಗ್ಗೆ ನೋಡಿದರೆ ಅಲ್ಲಿ ಕೆಂಪಾಗಿತ್ತು. ಯಾರಿಗೂ ಹೇಳಿಲ್ಲ. ನನ್ನ ಮನಸ್ಸು ಕಲ್ಲಾಗಿದೆಯೇ? ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇ?

ಉತ್ತರ: ಮೊದಲು ಆ ಮಣಿಕಟ್ಟಿನ ವಿಷಯವನ್ನೇ ಮಾತಾಡೋಣ, ಏಕೆಂದರೆ ನೀವು ಪತ್ರ ಬರೆದದ್ದೇ ಅದಕ್ಕಾಗಿ ಎಂದು ನನಗನ್ನಿಸುತ್ತದೆ. ನೀವು ಮಾಡಿದ್ದು ತಪ್ಪು. ತಿರುಗಿ ತಡೆಯಲಾಗದ, ಯಾರಿಗೂ ಹೇಳಿಕೊಳ್ಳಲಾಗದ ವೃದ್ಧೆಯ ಮೇಲೆ ನಿಮ್ಮ ಕೈ ಬಿಗಿಯಾಯಿತು. ಅದನ್ನು ನಾನು ಚಿಕ್ಕದು ಮಾಡಿ ಹೇಳುವುದಿಲ್ಲ. ಲಕ್ವ ಹೊಡೆದವರಲ್ಲಿ ಅನೇಕರಿಗೆ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುತ್ತದೆ, ವಯಸ್ಸಾದವರ ಚರ್ಮವೂ ತೆಳುವಾಗಿರುತ್ತದೆ, ಹಾಗಾಗಿ ಸಣ್ಣ ಒತ್ತಡಕ್ಕೂ ಅಲ್ಲಿ ಚರ್ಮದಡಿ ರಕ್ತ ಒಸರಿ ನೀಲಿಯಾಗಬಹುದು. ಆ ಜಾಗ ಊದಿದ್ದರೆ ಅಥವಾ ಕೈ ಅಲ್ಲಾಡಿಸಿದಾಗ ಅಜ್ಜಿ ಮುಖ ಹಿಂಡಿದರೆ ವೈದ್ಯರಿಗೆ ಇಂದೇ ತೋರಿಸಬೇಕು. ಮನೆಯವರಿಗೂ ನೀವಾಗಿಯೇ ಹೇಳಿ. ಹೇಳಿದರೆ ಕೆಲಸ ಹೋದೀತು ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಊರಿನಲ್ಲಿ ಇಬ್ಬರು ಮಕ್ಕಳ ಶಾಲೆಯ ಫೀಸು ನಿಮ್ಮ ಸಂಬಳದಿಂದಲೇ ಹೋಗುತ್ತಿದೆ ಎಂಬುದನ್ನೂ ಊಹಿಸಬಲ್ಲೆ. ಆದರೂ, ‘ನಿದ್ದೆಯಿಲ್ಲದೆ ನನ್ನ ಕೈ ಮೀರಿತು, ಇನ್ನು ಮುಂದೆ ರಾತ್ರಿ ಒಬ್ಬಳಿಂದಲೇ ಆಗುವುದಿಲ್ಲ’ ಎಂದು ನೀವೇ ಹೇಳುವುದಕ್ಕೂ, ನಾಳೆ ಯಾರೋ ಕ್ಯಾಮೆರಾದಲ್ಲಿ ನೋಡಿ ಹೇಳುವುದಕ್ಕೂ ಬಹಳ ಅಂತರವಿದೆ.

ಇನ್ನು ನಿಮ್ಮ ಪ್ರಶ್ನೆ. ಕಲ್ಲಾದ ಮನಸ್ಸು ಕೆಂಪಾದ ಮಣಿಕಟ್ಟಿಗಾಗಿ ಮೂರು ಪುಟ ಬರೆಯುವುದಿಲ್ಲ. ನಿಮಗೆ ಆಗಿರುವುದು ಏನೆಂದು ತಿಳಿಯಬೇಕಾದರೆ ನಿಮ್ಮ ರಾತ್ರಿಯ ಲೆಕ್ಕ ಹಾಕಬೇಕು. ಬೆನ್ನಿನಲ್ಲಿ ಹುಣ್ಣಾಗದಿರಲಿ ಎಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಿಮಗೆ ಹೇಳಿಕೊಟ್ಟಿರುತ್ತಾರೆ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಪ್ರತಿ ಸಲ ಎದ್ದು, ಡೈಪರ್ ನೋಡಿ, ಹಾಳೆ ಸರಿಮಾಡಿ, ಕ್ಯಾಥೆಟರ್ ಕೊಳವೆ ಮಡಚಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಂಡು ಮತ್ತೆ ಮಲಗುವಷ್ಟರಲ್ಲಿ ಅರ್ಧ ಗಂಟೆ. ಉಳಿಯುವುದು ಒಂದೂವರೆ ಗಂಟೆ. ಮನುಷ್ಯನ ನಿದ್ದೆಯ ಒಂದು ಸುತ್ತು ಪೂರ್ತಿಯಾಗಲು ಸುಮಾರು 90 ನಿಮಿಷ ಬೇಕು, ಅಂಥ ನಾಲ್ಕೈದು ಸುತ್ತುಗಳು ಒಂದರ ಹಿಂದೆ ಒಂದು ನಡೆದರೆ ಮಾತ್ರ ಅದು ರಾತ್ರಿಯ ನಿದ್ದೆ ಎನಿಸುತ್ತದೆ. ನಿಮಗೆ ಒಂದು ಸುತ್ತು ಮುಗಿಯುವಾಗ ಎಚ್ಚರವಾಗುತ್ತದೆ, ಅಥವಾ ಅದೂ ಮುಗಿದಿರುವುದಿಲ್ಲ, ಏಕೆಂದರೆ ನಡುವೆ ಅಜ್ಜಿ ಒಮ್ಮೆ ಕೆಮ್ಮಿದರೂ ನಿಮ್ಮ ಕಣ್ಣು ತೆರೆದುಕೊಳ್ಳುತ್ತದೆ. ಒಂದೂವರೆ ವರ್ಷ ಹೀಗೆ ಕಳೆದವರಿಗೆ ರಾತ್ರಿ ಮೂರು ಗಂಟೆಯಲ್ಲಿ ಮುಖಕ್ಕೆ ಪೆಟ್ಟು ಬಿದ್ದಾಗ, ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ನಾನು ಬಹಳ ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ಅಲ್ಲಿ ಇದೇ ಅಜ್ಜಿಯನ್ನು ದಿನಕ್ಕೆ ಮೂರು ಪಾಳಿಯವರು ನೋಡುತ್ತಿದ್ದರು, ಮಗ್ಗುಲು ಬದಲಿಸಲು ಇಬ್ಬರು ಕೈಹಚ್ಚುತ್ತಿದ್ದೆವು. ಆದರೆ ನನ್ನನ್ನು ಉಳಿಸಿದ್ದು ಅದಕ್ಕಿಂತಲೂ ಹೆಚ್ಚಾಗಿ ಡ್ಯೂಟಿ ಬದಲಾಗುವ ಹೊತ್ತಿನ ಹತ್ತು ನಿಮಿಷ ಎಂದು ಈಗ ಅನ್ನಿಸುತ್ತದೆ. ‘ಏಳನೇ ಬೆಡ್ಡಿನ ಅಜ್ಜ ಇವತ್ತು ಎರಡು ಸಲ ನನ್ನ ಮೇಲೆ ಉಗುಳಿದರು, ಸಾಕಾಗಿಹೋಯಿತು’ ಎಂದು ಮುಂದಿನ ಪಾಳಿಯವಳಿಗೆ ಹೇಳಿ, ಇಬ್ಬರೂ ಸ್ವಲ್ಪ ನಕ್ಕು, ಬಟ್ಟೆ ಬದಲಿಸಿ ಗೇಟು ದಾಟಿದರೆ ಅರ್ಧ ಭಾರ ಅಲ್ಲೇ ಉಳಿಯುತ್ತಿತ್ತು. ನಿಮಗೆ ಮುಂದಿನ ಪಾಳಿಯವಳೂ ಇಲ್ಲ, ದಾಟಲು ಗೇಟೂ ಇಲ್ಲ. ಕೆಲಸದ ಜಾಗವೇ ಮಲಗುವ ಜಾಗ, ಅಜ್ಜಿಯ ಕೋಣೆಯೇ ಊಟದ ಕೋಣೆ.

ಹೀಗೆ ಬರಿದಾಗುವುದನ್ನು ‘ಬರ್ನ್‌ಔಟ್’ ಎಂದು ಕರೆದು ಮೊದಲು ವಿವರವಾಗಿ ಬರೆದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ತುಂಬ ಮನಸ್ಸಿಟ್ಟು ದುಡಿಯುತ್ತಿದ್ದವರೇ ಮೊದಲು ಕುಸಿಯುವುದನ್ನು ಅವರು ಕಂಡಿದ್ದರು. ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು: ಎಷ್ಟು ಮಲಗಿದರೂ ಹೋಗದ ದಣಿವು, ಆರೈಕೆ ಮಾಡುತ್ತಿರುವ ಜೀವದ ಬಗ್ಗೆಯೇ ಮರಗಟ್ಟಿದ ಭಾವ, ಮತ್ತು ‘ನನ್ನಿಂದ ಏನೂ ಆಗುತ್ತಿಲ್ಲ, ನಾನು ಲಾಯಕ್ಕಿಲ್ಲ’ ಎಂಬ ಅನಿಸಿಕೆ. ನಿಮ್ಮ ಪತ್ರದಲ್ಲಿ ಮೂರೂ ಇವೆ, ಮೂರನೆಯದಂತೂ ನಿಮ್ಮ ಕೊನೆಯ ವಾಕ್ಯವೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿಕೊಂಡ ರೋಗಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಎಂದು ಸೇರಿಸಿಲ್ಲ. ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸದೆ ಬಿಟ್ಟ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿದೆ. ಈ ವ್ಯತ್ಯಾಸ ನಿಮಗೆ ಮುಖ್ಯ. ಕಾರಣ ಕೆಲಸದ ಏರ್ಪಾಟಿನಲ್ಲಿರುವಾಗ, ಬರೀ ಧ್ಯಾನ ಮಾಡಿ, ಸಮಾಧಾನದಿಂದಿರಿ ಎಂದು ನಿಮಗೆ ಹೇಳಿದರೆ ಅದು ಅರ್ಧ ಸತ್ಯವೂ ಆಗುವುದಿಲ್ಲ.

ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ನಿದ್ದೆ. ದಿನಕ್ಕೆ ಐದು ಗಂಟೆ, ಒಂದೇ ಹಿಡಿತದಲ್ಲಿ, ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಆ ಐದು ಗಂಟೆ ಮನೆಯವರಲ್ಲಿ ಯಾರಾದರೊಬ್ಬರು ಅಜ್ಜಿಯ ಬಳಿ ಇರಬೇಕು. ಜೊತೆಗೆ, ಅಜ್ಜಿಯನ್ನು ನೋಡುವ ವೈದ್ಯರು ಮುಂದಿನ ಸಲ ಬಂದಾಗ ಎರಡು ವಿಷಯ ಕೇಳಿ: ಏರ್ ಬೆಡ್ ಹಾಕಿದರೆ ರಾತ್ರಿ ಮಗ್ಗುಲು ಬದಲಿಸುವ ಅಂತರವನ್ನು ಹೆಚ್ಚಿಸಬಹುದೇ, ರಾತ್ರಿಯ ಟ್ಯೂಬ್ ಫೀಡಿಂಗನ್ನು ಸಂಜೆ ಮತ್ತು ಬೆಳಗಿನ ಹೊತ್ತಿಗೆ ಹಂಚಿಕೊಡಬಹುದೇ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ, ನೀವಾಗಿಯೇ ಬದಲಾಯಿಸಬೇಡಿ. ಆದರೆ ಯಾರೂ ಕೇಳದೆ ಇರುವುದರಿಂದಲೇ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಚೀಟಿಯೇ ವರ್ಷಗಟ್ಟಲೆ ನಡೆಯುತ್ತಿರುತ್ತದೆ.

ಎರಡನೆಯದು ವಾರದ ರಜೆ. ‘ಮನೆ ಮಗಳ ಹಾಗೆ’ ಎಂಬ ಮಾತು ನಿಮ್ಮನ್ನು ಕಟ್ಟಿಹಾಕಿದೆ. ಅದನ್ನು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ನಾನು ಅನುಮಾನಿಸುವುದಿಲ್ಲ. ಆದರೆ ಮನೆಯ ಮಗಳಿಗೆ ಜ್ವರ ಬಂದರೆ ಅವಳು ಮಲಗುತ್ತಾಳೆ, ಹಬ್ಬಕ್ಕೆ ತವರಿಗೆ ಹೋಗುತ್ತಾಳೆ, ಸಾಕಾಯಿತು ಎಂದು ಅಣ್ಣನ ಮೇಲೆ ಸಿಡುಕುತ್ತಾಳೆ. ಇದ್ಯಾವುದೂ ನಿಮಗಿಲ್ಲ. ಸಂಬಳದ ಕೆಲಸದವಳಿಗೆ ಸಿಗಬೇಕಾದ ರಜೆ ‘ಮಗಳು’ ಎಂಬ ಹೆಸರಿನಲ್ಲಿ ಹೋಯಿತು, ಮಗಳಿಗೆ ಸಿಗುವ ಸಲಿಗೆ ‘ಏಜೆನ್ಸಿಯಿಂದ ಬಂದವಳು’ ಎಂಬ ಕಾರಣಕ್ಕೆ ಬರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗಳಲ್ಲಿ ದುಡಿಯುವವರಿಗಾಗಿ 2011ರಲ್ಲಿ ಮಾಡಿದ 189ನೆಯ ಒಡಂಬಡಿಕೆಯು, ಮನೆಯೊಳಗೆ ಆರೈಕೆಯ ಕೆಲಸ ಮಾಡುವ ನಿಮ್ಮಂಥವರನ್ನೂ ಒಳಗೊಂಡು, ವಾರಕ್ಕೆ ಕನಿಷ್ಠ 24 ಗಂಟೆಗಳ ನಿರಂತರ ಬಿಡುವು ಕೊಡಬೇಕೆನ್ನುತ್ತದೆ. ಕರೆದರೆ ಬರಬೇಕೆಂದು ಕಾದಿರುವ ಹೊತ್ತನ್ನೂ ಕೆಲಸದ ಹೊತ್ತಿನಂತೆಯೇ ಪರಿಗಣಿಸಬೇಕೆಂಬ ಮಾತೂ ಅದರಲ್ಲಿದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ, ಆದ್ದರಿಂದ ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು. ಆದರೂ ವಾರದ ರಜೆ ಕೇಳುವಾಗ ನೀವು ದುರಾಸೆಯ ಮಾತಾಡುತ್ತಿಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳಿದೆ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ 2004ರಷ್ಟು ಹಿಂದೆಯೇ ಸೇರಿಸಿದ ರಾಜ್ಯ ನಮ್ಮದು. ಹೋಂ ನರ್ಸ್ ಮಾತ್ರ ಇತ್ತ ಆಸ್ಪತ್ರೆಯ ನೌಕರಳೂ ಅಲ್ಲದೆ, ಅತ್ತ ಮನೆಗೆಲಸದವಳೂ ಅಲ್ಲದೆ ನಡುವೆ ಉಳಿದುಬಿಟ್ಟಿದ್ದಾಳೆ. ಇದು ನನಗೆ ಬಹಳ ನೋವಿನ ಸಂಗತಿ.

ರಜೆಯ ಮಾತನ್ನು ಮನೆಯವರ ಜೊತೆ ಒಬ್ಬರೇ ಆಡಬೇಡಿ. ನಿಮ್ಮ ಸಂಬಳದಿಂದ ಏಜೆನ್ಸಿ ಕಮಿಷನ್ ಹಿಡಿಯುತ್ತದಲ್ಲ, ರಿಲೀವರ್ ಕಳಿಸುವುದು ಆ ಹಣಕ್ಕೆ ಅವರು ಮಾಡಬೇಕಾದ ಕೆಲಸ. ‘ತಿಂಗಳಿಗೆ ನಾಲ್ಕು ದಿನ ಬದಲಿ ಕಳಿಸಿ, ಇಲ್ಲವಾದರೆ 12 ಗಂಟೆಯ ಡ್ಯೂಟಿಯ ಮನೆ ಕೊಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಬಾಯಿಮಾತು ಬೇಡ. ಆ ಎರಡೂ ಆಗದಿದ್ದರೆ ಆ ಮನೆ ಬಿಡಿ. ಅಜ್ಜಿಯನ್ನು ನಡುನೀರಿನಲ್ಲಿ ಬಿಟ್ಟಂತಾಗುತ್ತದೆ ಎಂದು ಕೊರಗಬೇಡಿ. ಹದಿನೈದು ದಿನ ಮುಂಚೆ ಹೇಳಿ, ಹೊಸಬಳಿಗೆ ಅಜ್ಜಿಯ ಅಭ್ಯಾಸಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಹೊರಡಿ.

ಅಲ್ಲಿಯವರೆಗೆ, ಕೈ ಮತ್ತೆ ಬಿಗಿಯಾಗುತ್ತಿದೆ ಎನ್ನಿಸಿದ ಕ್ಷಣ ಮಾಡುತ್ತಿರುವುದನ್ನು ನಿಲ್ಲಿಸಿ. ಅಜ್ಜಿಯನ್ನು ಉಸಿರಾಟಕ್ಕೆ ತೊಂದರೆಯಾಗದಂತೆ ಮಲಗಿಸಿ, ಮಂಚದ ಸರಳು ಏರಿಸಿ, ಹೊರಗೆ ಹೋಗಿ ಮುಖ ತೊಳೆದುಕೊಳ್ಳಿ. ಒದ್ದೆ ಡೈಪರ್ ಐದು ನಿಮಿಷ ಹೆಚ್ಚಿಗೆ ಇದ್ದರೆ ಏನೂ ಆಗುವುದಿಲ್ಲ. ಮನೆಯವರನ್ನು ಎಬ್ಬಿಸಿ, ಎಬ್ಬಿಸಲು ಸಂಕೋಚ ಬೇಡ. ಅಜ್ಜಿ ಹೊಡೆದದ್ದೂ ಅವರ ಸ್ವಭಾವದಿಂದಲ್ಲ. ಮಿದುಳಿಗೆ ಪೆಟ್ಟಾದವರಲ್ಲಿ ಸಿಟ್ಟು ತಡೆಯುವ ಶಕ್ತಿ ಕುಗ್ಗಿರುತ್ತದೆ, ಕತ್ತಲಲ್ಲಿ ಯಾರೋ ಬಟ್ಟೆ ಎಳೆಯುತ್ತಿದ್ದಾರೆ ಎಂದು ಗಾಬರಿಯಾಗಿಯೂ ಇರಬಹುದು. ದೀಪ ಹಾಕಿ, ಹೆಸರು ಹೇಳಿ, ಆಮೇಲೆ ಮುಟ್ಟಿ.

ನಿಮ್ಮ ದೇಹವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಕೊರತೆ ಇವೆಲ್ಲವೂ ಇಂಥದೇ ಸುಸ್ತನ್ನು ತರುತ್ತವೆ. ರಜೆಯಲ್ಲಿ ಊರಿಗೆ ಹೋಗಿ ಮಕ್ಕಳ ಜೊತೆ ನಾಲ್ಕು ದಿನ ಕಳೆದ ಮೇಲೂ ಮನಸ್ಸು ಏಳದಿದ್ದರೆ, ಎರಡು ವಾರ ಬಿಡದೆ ದುಃಖ ಹಿಡಿದಿದ್ದರೆ, ಬದುಕೇ ಬೇಡ ಎನ್ನಿಸಿದರೆ, ಅದು ಕೆಲಸದ ದಣಿವನ್ನು ದಾಟಿ ಖಿನ್ನತೆಯಾಗಿರುವ ಸಾಧ್ಯತೆಯಿದೆ, ಅದಕ್ಕೆ ಚಿಕಿತ್ಸೆ ಬೇಕು. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ರಾತ್ರಿ ಮೂರು ಗಂಟೆಗೂ ಅಲ್ಲಿ ಫೋನ್ ಎತ್ತುವವರಿದ್ದಾರೆ. ನಿಮಗೆ ಬೇಕಾಗುವುದೂ ಆ ಹೊತ್ತಿನಲ್ಲೇ.

ಪ್ರಶ್ನೆ: ನಮ್ಮ ತಂದೆಯವರಿಗೆ 82 ವರ್ಷ, ಮರೆವಿನ ಕಾಯಿಲೆ ಇದೆ. ಆರು ತಿಂಗಳಲ್ಲಿ ನಾಲ್ವರು ಹೋಂ ನರ್ಸ್‌ಗಳು ಬಿಟ್ಟುಹೋದರು. ಕೇಳಿದ ಸಂಬಳ ಕೊಡುತ್ತೇವೆ, ನಾವು ಉಂಡದ್ದನ್ನೇ ಅವರಿಗೂ ಬಡಿಸುತ್ತೇವೆ. ಸುರಕ್ಷತೆಗೆಂದು ಕೋಣೆಯಲ್ಲಿ ಕ್ಯಾಮೆರಾ ಇದೆ. ಈಗಿನವರಲ್ಲಿ ಸೇವಾ ಮನೋಭಾವವೇ ಇಲ್ಲವೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಬೇರೆ ಬೇರೆ ಊರಿನ ನಾಲ್ವರು ಒಂದೇ ಮನೆಯನ್ನು ಬಿಟ್ಟಿದ್ದಾರೆಂದರೆ ಕಾರಣವನ್ನು ಮನೆಯಲ್ಲಿಯೇ ಹುಡುಕುವುದು ನ್ಯಾಯ. ನಿಮ್ಮನ್ನು ದೂರುವುದಕ್ಕೆ ಹೇಳುತ್ತಿಲ್ಲ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವುದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದಕ್ಕಿಂತ ಅನೇಕ ಸಲ ಕಷ್ಟ, ಏಕೆಂದರೆ ಅವರು ಓಡಾಡುತ್ತಾರೆ. ಸಂಜೆಯಾದೊಡನೆ ಅವರಲ್ಲಿ ಚಡಪಡಿಕೆ ಹೆಚ್ಚುತ್ತದೆ, ತಮ್ಮದೇ ಮನೆಯಲ್ಲಿ ಕುಳಿತು ‘ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿರುತ್ತಾಳೆ’ ಎಂದು ಬಾಗಿಲಿಗೆ ಹೋಗುತ್ತಾರೆ, ಒಂದೇ ಪ್ರಶ್ನೆಯನ್ನು ನಲವತ್ತು ಸಲ ಕೇಳುತ್ತಾರೆ. ನೀವು ಕೆಲಸದಿಂದ ಮರಳಿ ಕಾಫಿ ಕುಡಿಯುವ ಹೊತ್ತಿಗೆ ಆ ಹೆಣ್ಣುಮಗಳು ನಲವತ್ತನೆಯ ಸಲ ಉತ್ತರ ಕೊಟ್ಟಿರುತ್ತಾಳೆ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೂ ಕೇಳುತ್ತೇನೆ. ನಿಮ್ಮ ತಂದೆಯವರು ‘ಇವಳು ನನ್ನ ಹಣ ಕದ್ದಳು’ ಎಂದು ಹೇಳಿದ್ದುಂಟೇ? ಈ ಕಾಯಿಲೆಯಲ್ಲಿ ಅದು ಬಹಳ ಸಾಮಾನ್ಯ. ತಾವೇ ಎಲ್ಲೋ ಇಟ್ಟು ಮರೆತ ಪರ್ಸಿಗೆ ಹತ್ತಿರವಿದ್ದವರನ್ನು ಹೊಣೆ ಮಾಡುತ್ತಾರೆ. ಆಗ ಮನೆಯವರು ಅವಳ ಮುಂದೆಯೇ, ‘ಅಪ್ಪಾ, ಅವರು ಕದಿಯುವವರಲ್ಲ, ನಾವೇ ಹುಡುಕಿಕೊಡುತ್ತೇವೆ’ ಎನ್ನಬೇಕು. ಏನೂ ಹೇಳದೆ ಬೀರುವಿನ ಬೀಗ ಬದಲಿಸಿದರೆ ಅವಳಿಗೆ ಉತ್ತರ ಸಿಕ್ಕಂತಾಯಿತು, ಆ ರಾತ್ರಿಯೇ ಅವಳು ಬಟ್ಟೆ ಮಡಚಲು ಆರಂಭಿಸುತ್ತಾಳೆ. ಕ್ಯಾಮೆರಾದ ಮಾತೂ ಹಾಗೆಯೇ. ತಂದೆಯವರ ಸುರಕ್ಷತೆಗೆ ಅದು ಬೇಕಿರಬಹುದು, ಆದರೆ ಅವಳು ಮಲಗುವುದೂ ಬಟ್ಟೆ ಬದಲಿಸುವುದೂ ಅದೇ ಕೋಣೆಯಲ್ಲಿಯೇ? ಹಾಗಿದ್ದರೆ ಅವಳಿಗೆ ಕ್ಯಾಮೆರಾ ಇಲ್ಲದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬೇರೆ ಜಾಗ ಕೊಡಲೇಬೇಕು.

ಇನ್ನು ‘ಉಂಡದ್ದನ್ನೇ ಬಡಿಸುತ್ತೇವೆ’ ಎಂದಿರಿ. ಯಾವಾಗ ಬಡಿಸುತ್ತೀರಿ? ತಂದೆಯವರದು, ನಿಮ್ಮದು ಎಲ್ಲರದೂ ಮುಗಿದ ಮೇಲೆ ಒಬ್ಬಳೇ ಕುಳಿತು, ಒಂದು ಕಣ್ಣು ಅವರ ಮೇಲಿಟ್ಟು ಉಣ್ಣುವ ತಣ್ಣಗಿನ ಅನ್ನ ಊಟವೆನಿಸುವುದಿಲ್ಲ. ಉತ್ತರ ಕರ್ನಾಟಕದಿಂದ ಬಂದ ಅನೇಕರು ನನ್ನ ಬಳಿ ಹೇಳಿಕೊಂಡ ಒಂದು ಸಣ್ಣ ಮಾತನ್ನೂ ಸೇರಿಸುತ್ತೇನೆ: ವಾರಕ್ಕೆರಡು ದಿನ ಜೋಳದ ರೊಟ್ಟಿ ತಿನ್ನಲು ಸಿಕ್ಕರೆ ಆ ಮನೆಯಲ್ಲಿ ಇನ್ನೊಂದು ತಿಂಗಳು ಇರಬಹುದು ಎನ್ನಿಸುತ್ತದಂತೆ.

ಹೊಸಬರು ಬರುವ ಮೊದಲೇ ಕೆಲಸವನ್ನು ಬರೆದಿಡಿ. ತಂದೆಯವರ ಸ್ನಾನ, ಊಟ, ಔಷಧಿ, ಬಟ್ಟೆ, ವಾಕಿಂಗ್ ಇಷ್ಟು ಅವಳ ಕೆಲಸ. ಮನೆಮಂದಿಯ ಪಾತ್ರೆ, ಮಕ್ಕಳ ಟಿಫನ್, ಅತಿಥಿಗಳಿಗೆ ಕಾಫಿ ಅವಳದಲ್ಲ. ‘ಸುಮ್ಮನೆ ಕೂತಿರುತ್ತಾಳಲ್ಲ’ ಎಂದು ಒಂದೊಂದಾಗಿ ಸೇರಿಸುವ ಕೆಲಸಗಳು ಅವಳ ಮಧ್ಯಾಹ್ನದ ಒಂದು ಗಂಟೆಯ ನಿದ್ದೆಯನ್ನು ಕಸಿಯುತ್ತವೆ, ಅದರ ಪರಿಣಾಮವನ್ನು ಸಂಜೆ ಆರು ಗಂಟೆಗೆ ನಿಮ್ಮ ತಂದೆಯವರು ಅನುಭವಿಸುತ್ತಾರೆ. ದಿನಕ್ಕೆ ಎರಡು ಗಂಟೆ ಅವಳು ಮನೆಯಿಂದ ಹೊರಗೆ ಹೋಗಿಬರಲಿ, ಮಾರುಕಟ್ಟೆಗೋ ಗುಡಿಗೋ ಎಲ್ಲಿಗಾದರೂ. ಭಾನುವಾರ ಪೂರ್ತಿ ಅವಳದಾಗಿರಲಿ, ಅಂದು ಅಣ್ಣತಮ್ಮಂದಿರು ಸರದಿಯಲ್ಲಿ ತಂದೆಯವರ ಬಳಿ ಇರಿ. ಆ ಒಂದು ದಿನ ಮುಗಿಸಿದ ಮೇಲೆ, ‘ಸೇವಾ ಮನೋಭಾವ ಇಲ್ಲವೇ’ ಎಂಬ ಪ್ರಶ್ನೆ ನಿಮಗೇ ಬೇರೆಯಾಗಿ ಕಾಣುತ್ತದೆಂದು ನನ್ನ ನಂಬಿಕೆ. ಸಂಬಳ ಕೊಟ್ಟು ಪಡೆಯುವ ಕೆಲಸಕ್ಕೆ ಸೇವೆ ಎಂಬ ದೊಡ್ಡ ಪದ ಬಳಸುವುದು ನನಗೆ ಸರಿಕಾಣುವುದಿಲ್ಲ. ಆ ಪದ ಬಂದಲ್ಲೆಲ್ಲ ಗಂಟೆಯ ಲೆಕ್ಕ ಮಾಯವಾಗುವುದನ್ನು ಕಂಡಿದ್ದೇನೆ. ನಿಮಗೂ ದಣಿವಿದೆ ಎಂಬುದನ್ನು ಮರೆತಿಲ್ಲ. ಹಿರಿಯರಿಗಾಗಿ ಇರುವ 14567 ಎಂಬ ಉಚಿತ ಸಹಾಯವಾಣಿಗೆ ಮನೆಯವರೂ ಕರೆ ಮಾಡಿ ಮಾಹಿತಿ ಕೇಳಬಹುದು.

ಪ್ರಶ್ನೆ: ರಾತ್ರಿ ಎಚ್ಚರವಿದ್ದು ಎಚ್ಚರವಿದ್ದು, ಬಿಡುವಿನ ದಿನವೂ ನನಗೆ ನಿದ್ದೆ ಬರುವುದಿಲ್ಲ. ಪೇಶೆಂಟ್‌ಗೆ ಕೊಡುವ ಆಲ್‌ಪ್ರಜೋಲಾಮ್ ಮಾತ್ರೆಯಲ್ಲಿ ಅರ್ಧವನ್ನು ಮೂರು ತಿಂಗಳಿಂದ ನಾನೂ ನುಂಗುತ್ತಿದ್ದೇನೆ. ತೊಂದರೆ ಇದೆಯೇ? (ತುಮಕೂರು)

ಉತ್ತರ: ಇದೆ. ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಗುಂಪಿನ ಮಾತ್ರೆಗಳಿಗೆ ದೇಹ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ, ಆಮೇಲೆ ಅರ್ಧ ಸಾಲದೆ ಒಂದು ಬೇಕಾಗುತ್ತದೆ. ಹಾಗೆಂದು ಇದನ್ನು ಓದಿದ ರಾತ್ರಿಯೇ ನಿಲ್ಲಿಸಿಬಿಡಬೇಡಿ. ಮೂರು ತಿಂಗಳು ಪ್ರತಿದಿನ ತೆಗೆದುಕೊಂಡದ್ದನ್ನು ಒಮ್ಮೆಗೇ ಬಿಟ್ಟರೆ ಕೈನಡುಕ, ವಿಪರೀತ ಆತಂಕ, ಮೊದಲಿಗಿಂತ ಕೆಟ್ಟ ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ ಎಷ್ಟು ದಿನದಿಂದ, ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ; ಅವರು ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸುತ್ತಾರೆ. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಡ್ಯೂಟಿಯ ರಾತ್ರಿಯಲ್ಲಿಯೂ ನುಂಗುತ್ತಿದ್ದರೆ ಅದು ನಿಮಗಿಂತ ಹೆಚ್ಚಾಗಿ ರೋಗಿಗೆ ಅಪಾಯ. ಅವರಿಗೆ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಾಗ ನಿಮಗೆ ಎಚ್ಚರವಾಗದೆ ಹೋಗಬಹುದು. ಮಾತ್ರೆಯ ಎಣಿಕೆ ತಪ್ಪಿದ್ದನ್ನು ಮನೆಯವರು ಗಮನಿಸಿದರೆ ಕಳ್ಳತನದ ಹೆಸರೂ ಬರುತ್ತದೆ. ವೈದ್ಯರನ್ನು ಕಾಣುವವರೆಗೆ ರಾತ್ರಿ ಡ್ಯೂಟಿ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ನಾನು ಉಡುಪಿ ಕಡೆಯವನು, ಇಸ್ರೇಲಿನಲ್ಲಿ ಹನ್ನೊಂದು ವರ್ಷಗಳಿಂದ ಕೇರ್‌ಗಿವರ್ ಆಗಿದ್ದೇನೆ. ನಾಲ್ಕು ವರ್ಷ ನೋಡಿಕೊಂಡ ಅಜ್ಜ ಎರಡು ವಾರದ ಹಿಂದೆ ತೀರಿಕೊಂಡರು. ಮುಂದಿನ ವಾರ ಬೇರೆ ಮನೆ ಸೇರಬೇಕು. ಊರಿನಲ್ಲಿ ಮನೆ ಕಟ್ಟಿದ ಸಾಲ ಇದೆ, ಹಾಗಾಗಿ ವಾರದ ರಜೆಯ ದಿನವೂ ಹೆಚ್ಚಿನ ಹಣಕ್ಕೆ ಕೆಲಸ ಮಾಡುತ್ತಿದ್ದೆ. ಈಗ ಯಾವ ಮುದುಕರನ್ನೂ ಮುಟ್ಟಬೇಕೆನ್ನಿಸುವುದಿಲ್ಲ. ಊರಿನವರಿಗೆ ಹೇಳಿದರೆ, ‘ಸಂಬಂಧವಿಲ್ಲದ ಮುದುಕನಿಗೆ ಅಳುತ್ತೀಯಾ’ ಎನ್ನುತ್ತಾರೆ.

ಉತ್ತರ: ಅಳಿ. ನಾಲ್ಕು ವರ್ಷ ದಿನವೂ ಮೀಯಿಸಿ, ಉಣಿಸಿ, ಅವರ ಭಾಷೆಯನ್ನು ಕಲಿತು ಅವರ ಹಳೆಯ ಕಥೆಗಳನ್ನು ಕೇಳಿದವರಿಗೆ ಸಂಬಂಧವಿಲ್ಲ ಎನ್ನುವವರಿಗೆ ನಿಮ್ಮ ಕೆಲಸವೇನೆಂದು ಗೊತ್ತಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂಥ ದುಃಖಕ್ಕೇ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಹಕ್ಕಿಲ್ಲದ ದುಃಖ’ ಎನ್ನಬಹುದು. ಸತ್ತವರ ರಕ್ತಸಂಬಂಧಿಯಲ್ಲದ ಕಾರಣ ಸೂತಕವಿಲ್ಲ, ರಜೆಯಿಲ್ಲ, ಸಮಾಧಾನ ಹೇಳಲು ಬರುವವರಿಲ್ಲ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಕಠಿಣವಾದದ್ದೂ ಇದೆ: ಅಜ್ಜನ ಜೊತೆಗೇ ನಿಮ್ಮ ಕೆಲಸ, ವಾಸದ ಮನೆ ಹೋದವು, ಅಲ್ಲಿ ಉಳಿಯುವ ಪರವಾನಗಿಯೂ ಹೊಸ ಮನೆ ಸಿಗುವುದರ ಮೇಲೆ ನಿಂತಿದೆ. ದುಃಖಿಸಲು ಬೇಕಾದ ಹೊತ್ತಿನಲ್ಲಿ ನೀವು ಕಾಗದಪತ್ರಗಳಿಗೆ ಓಡಾಡುತ್ತಿದ್ದೀರಿ. ಮುಟ್ಟಲು ಮನಸ್ಸು ಹಿಂಜರಿಯುವುದು ಅದರಿಂದಲೇ.

ವಾರದ ರಜೆಯನ್ನು ಮಾರಿಕೊಂಡ ಬಗ್ಗೆ ನಾನು ನಿಮ್ಮನ್ನು ಬೈಯುವುದಿಲ್ಲ, ಸಾಲದ ಕಂತಿಗೆ ಶನಿವಾರ ಭಾನುವಾರ ಗೊತ್ತಿಲ್ಲ. ಆದರೆ ಹೊಸ ಮನೆಯಲ್ಲಿ ಮೊದಲ ಮೂರು ತಿಂಗಳಾದರೂ ಆ ದಿನವನ್ನು ಮಾರಬೇಡಿ. ಕಂತು ಕಟ್ಟುವ ಅವಧಿಯನ್ನು ಬ್ಯಾಂಕಿನವರ ಬಳಿ ಮಾತಾಡಿ ಹೆಚ್ಚಿಸಿಕೊಳ್ಳಿ. ಆ ದಿನ ನಮ್ಮ ಕರಾವಳಿಯವರ ಜೊತೆ ಸೇರಿ ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತಾಡಿ, ಒಂದು ಮೀನು ಸಾರು ಮಾಡಿ ಉಣ್ಣಿ. ವಾರವಿಡೀ ಪರಭಾಷೆಯಲ್ಲೇ ಮಾತಾಡುವವರಿಗೆ ತಾಯ್ನುಡಿಯ ಹರಟೆಯೂ ವಿಶ್ರಾಂತಿಯೇ. ಹಳೆಯ ಮನೆಯವರಿಂದ ಬರಬೇಕಾದ ಬಾಕಿಯ ಬಗ್ಗೆ ಗೊಂದಲವಿದ್ದರೆ ಟೆಲ್ ಅವೀವ್‌ನ ‘ಕಾವ್ ಲಾಓವೆದ್’ ಎಂಬ ಸಂಸ್ಥೆ ಹೊರದೇಶದ ಕಾರ್ಮಿಕರಿಗೆ ನೆರವಾಗುತ್ತದೆ.

ನೀವಿರುವ ಕಡೆ ಯಹೂದಿಗಳು ಸಾವಿನ ನಂತರ ಏಳು ದಿನ ಮನೆಯಲ್ಲಿ ಕುಳಿತು ದುಃಖಿಸುತ್ತಾರೆ, ಮೂವತ್ತನೆಯ ದಿನ ಸಮಾಧಿಯ ಬಳಿ ಸೇರುತ್ತಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಸಂಚಿಕೆ ನಿಮ್ಮ ಕಣ್ಣಿಗೆ ಬೀಳುವಾಗ ಆ ದಿನವೂ ಕಳೆದಿರಬಹುದು. ಆದರೂ ಅಜ್ಜನ ಮಕ್ಕಳಿಗೆ ಒಂದು ಫೋನ್ ಮಾಡಿ, ಸಮಾಧಿ ಎಲ್ಲಿದೆ ಎಂದು ಕೇಳಿ, ನಿಮ್ಮ ರಜೆಯ ದಿನ ಹೋಗಿಬನ್ನಿ. ಅಲ್ಲಿ ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಸಮಾಧಿಯ ಮೇಲೆ ಇಟ್ಟು ಬರುವ ವಾಡಿಕೆಯಿದೆ. ನೀವೂ ಒಂದು ಇಟ್ಟು ಬನ್ನಿ.